ಒಂದು ಜಲಾಂತರ್ಗಾಮಿ, ಎರಡು ಹೋಳು: ಅಚ್ಚಿಗೆ ಹೋಗುವ ಮಾದರಿ ಮಾಡುವ ಬಗೆ



ಡಿಸೆಂಬರ್ 8 ಭಾರತೀಯ ನೌಕಾಪಡೆಗೆ ಜಲಾಂತರ್ಗಾಮಿ ದಿನ. 1967ರ ಆ ದಿನ ನಮ್ಮ ಮೊದಲ ಜಲಾಂತರ್ಗಾಮಿ ಐಎನ್‌ಎಸ್ ಕಲ್ವರಿ, ಅಂದಿನ ಸೋವಿಯತ್ ಒಕ್ಕೂಟದ ರೀಗಾದಲ್ಲಿ ಸೇವೆಗೆ ಸೇರಿತು. ಶಾಲೆಯ ವಿಜ್ಞಾನ ಪ್ರದರ್ಶನವಿರಲಿ, ಗಣೇಶೋತ್ಸವದ ದೇಖಾವೆ ಇರಲಿ, ಜಲಾಂತರ್ಗಾಮಿಯ ಮಾದರಿ ಎಂದರೆ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ. ಒಂದು ದಿನದ ಪ್ರದರ್ಶನಕ್ಕಾದರೆ ಥರ್ಮೊಕೋಲ್ ಕೊರೆದು ಬಣ್ಣ ಬಳಿದರೂ ನಡೆಯುತ್ತದೆ. ಆದರೆ ಸಂಘದ ಹತ್ತು ಮಕ್ಕಳಿಗೆ ಹತ್ತು ಮಾದರಿ ಬೇಕು, ಅವು ನಾಲ್ಕು ವರ್ಷ ಬಾಳಬೇಕು ಎಂದಾಗ ಫೈಬರ್‌ಗ್ಲಾಸ್ ಬೇಕು, ಅದಕ್ಕೊಂದು ಅಚ್ಚು ಬೇಕು. ಅಚ್ಚು ತೆಗೆಯಲು ಮೊದಲು ಒಂದು ಮೂಲ ಮಾದರಿ ಬೇಕು.

ಅಂಗಡಿಯ ಕಿಟ್ ತರದೆ, ಮರ, ಪುಟ್ಟಿ, ಕಾಗದಗಳಿಂದಲೇ ಮಾದರಿ ಕಟ್ಟುವುದಕ್ಕೆ ಹವ್ಯಾಸಿಗಳು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಇದು ಎರಡು ಮೂರು ತಿಂಗಳ ಬಿಡುವಿನ ಕೆಲಸ. ಅಷ್ಟು ದಿನ ದುಡಿದ ಮಾದರಿ ಅಚ್ಚಿನೊಳಗೆ ಸಿಕ್ಕಿಹಾಕಿಕೊಂಡರೆ ಸುತ್ತಿಗೆಯಿಂದ ಒಡೆದೇ ತೆಗೆಯಬೇಕು. ಮಾದರಿಯೂ ಹೋಯಿತು, ಅಚ್ಚೂ ಹೋಯಿತು. ಹಾಗಾಗದಿರಲು ಒಂದು ಮಾತು ನೆನಪಿರಲಿ: ಮಾದರಿ ಎಲ್ಲಿ ಇಬ್ಭಾಗವಾಗಬೇಕು ಎಂಬುದನ್ನು ಉಳಿ ಹಿಡಿಯುವ ಮೊದಲೇ ತೀರ್ಮಾನಿಸಬೇಕು.

ಸಕ್ಕರೆ ಅಚ್ಚಿನ ಪಾಠ

ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ಸಕ್ಕರೆ ಅಚ್ಚು ಮಾಡುವುದನ್ನು ಊರಿನಲ್ಲಿ ನೋಡಿದ್ದೀರಿ. ಮರದ ಎರಡು ಹೋಳು, ಒಳಗೆ ಕೊರೆದ ಗಿಳಿಯೋ ಮಂಟಪವೋ. ಹೋಳುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಪಾಕ ಸುರಿಯುತ್ತಾರೆ. ಆರಿದ ಮೇಲೆ ಹೋಳು ಬಿಡಿಸಿದರೆ ಗಿಳಿ ಹೊರಗೆ. ಅಚ್ಚಿನ ಶಾಸ್ತ್ರವೆಲ್ಲ ಇಲ್ಲೇ ಇದೆ. ಎರಡು ಹೋಳು ಕೂಡುವ ಗೆರೆಯೇ ಬಿಡುವ ಗೆರೆ, ಪಾರ್ಟಿಂಗ್ ಲೈನ್. ಪಾಕ ಮರಕ್ಕೆ ಅಂಟದಂತೆ ತಡೆಯುವುದು ನೀರು. ನಮ್ಮ ಕೆಲಸದಲ್ಲಿ ಆ ಜಾಗಕ್ಕೆ ಮೇಣ ಬರುತ್ತದೆ. ಹೋಳುಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಗಿಳಿಯ ಕೊಕ್ಕು ಸೊಟ್ಟ.

ಮೂರನೆಯ ಪಾಠ ಇಡ್ಲಿ ತಟ್ಟೆಯದು. ಇಡ್ಲಿ ತಟ್ಟೆಯ ಗುಳಿ ಬಾಯಿಯ ಕಡೆಗೆ ಅಗಲ, ತಳದಲ್ಲಿ ಕಿರಿದು. ಅದಕ್ಕೇ ಇಡ್ಲಿ ಎದ್ದು ಬರುತ್ತದೆ. ಅದೇ ಹಿಟ್ಟನ್ನು ಕತ್ತು ಸಣ್ಣಗಿರುವ ಚೊಂಬಿನಲ್ಲಿ ಬೇಯಿಸಿದರೆ ಇಡಿಯಾಗಿ ತೆಗೆಯುವುದು ಸಾಧ್ಯವೇ? ಚೊಂಬಿನ ಕತ್ತಿನಂತೆ ಒಳಗೆ ಹಿಡಿದುಕೊಳ್ಳುವ ಆಕಾರಕ್ಕೆ ಅಂಡರ್‌ಕಟ್ ಎಂದು ಹೆಸರು. ಮಾದರಿಯಲ್ಲಿ ಅದು ಎಲ್ಲಿಯೂ ಇರಬಾರದು. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕಕ್ಕೆ ಪ್ಯಾಟರ್ನ್ ಮಾಡುವವರು ಮೊದಲು ಕಲಿಯುವ ಪಾಠವೂ ಇದೇ.

ಯಾವ ನೌಕೆ, ಯಾವ ಅಳತೆ

ನಮ್ಮ ಮುಂಬಯಿಯ ಮಜಗಾಂವ್ ಡಾಕ್‌ನಲ್ಲೇ ಹೊಸ ಕಲ್ವರಿ ವರ್ಗದ ಆರು ಜಲಾಂತರ್ಗಾಮಿಗಳು ತಯಾರಾದವು. ಮೊದಲನೆಯ ಕಲ್ವರಿ 2017ರ ಡಿಸೆಂಬರ್ 14ರಂದು, ಆರನೆಯ ವಾಗ್‌ಶೀರ್ 2025ರ ಜನವರಿ 15ರಂದು ಸೇವೆಗೆ ಸೇರಿದವು. ಆದರೆ ಮಾದರಿ ಮಾಡುವವನಿಗೆ ನೌಕೆಯ ಇಡೀ ಮೈ ಕಾಣಬೇಕು. ನೀರಿನಲ್ಲಿರುವ ನೌಕೆಯ ಅರ್ಧಕ್ಕಿಂತ ಹೆಚ್ಚು ಭಾಗ ಕಣ್ಣಿಗೇ ಬೀಳುವುದಿಲ್ಲ.

ಕಾರವಾರದ ಕಡಲತೀರದಲ್ಲಿ ಕ್ಷಿಪಣಿ ನೌಕೆ ಐಎನ್‌ಎಸ್ ಚಾಪಲ್ ದಡಕ್ಕೇರಿ ನಿಂತಿರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ಹಾಗೆಯೇ ನಿಂತಿರುವುದು ಐಎನ್‌ಎಸ್ ಕುರ್ಸುರಾ ಎಂಬ ಜಲಾಂತರ್ಗಾಮಿ. ಹಳೆಯ ಕಲ್ವರಿಯಂತೆ ಇದೂ ಫಾಕ್ಸ್‌ಟ್ರಾಟ್ ವರ್ಗದ್ದು. 1969ರ ಡಿಸೆಂಬರ್ 18ರಂದು ಸೇವೆಗೆ ಸೇರಿ, 1971ರ ಯುದ್ಧ ಕಂಡು, 2001ರಲ್ಲಿ ನಿವೃತ್ತವಾಗಿ, 2002ರಲ್ಲಿ ವಸ್ತುಸಂಗ್ರಹಾಲಯವಾಯಿತು. ಮುಂದೆ ಆರು, ಹಿಂದೆ ನಾಲ್ಕು ಟಾರ್ಪೆಡೊ ಕೊಳವೆಗಳು. ಹಿಂಭಾಗದಲ್ಲಿ ಮೂರು ಪ್ರೊಪೆಲ್ಲರ್. ತಳದಿಂದ ತುದಿಯವರೆಗೆ ಎಲ್ಲವನ್ನೂ ಸುತ್ತಾಡಿ ನೋಡಬಹುದು. ಕಲ್ಯಾಣದಿಂದ ವಿಶಾಖಪಟ್ಟಣಕ್ಕೆ ನೇರ ರೈಲಿದೆ.

ಫೋಟೊ ತೆಗೆಯುವಾಗ ಹತ್ತಿರ ನಿಲ್ಲಬೇಡಿ, ನೌಕೆಯ ತುದಿಗಳು ಚಿಕ್ಕದಾಗಿ ಕಾಣುತ್ತವೆ. ದೂರ ನಿಂತು, ಜೂಮ್ ಮಾಡಿ, ಪಕ್ಕದಿಂದ ನೇರವಾಗಿ ತೆಗೆಯಿರಿ. ಒಂದು ಚಿತ್ರದಲ್ಲಿ ನೌಕೆಯ ಬುಡದಲ್ಲಿ ಯಾರಾದರೂ ನಿಂತಿರಲಿ. ಅವರ ಎತ್ತರವೇ ನಿಮ್ಮ ಅಳತೆಪಟ್ಟಿ.

ಈ ವರ್ಗದ ಉದ್ದ 91.3 ಮೀಟರ್, ಅಗಲ 7.5 ಮೀಟರ್. 1:100 ಪ್ರಮಾಣ ಹಿಡಿದರೆ ಲೆಕ್ಕ ಸುಲಭ: ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಮಾದರಿ 91.3 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲ. ಕೋಪರಖೈರಣೆಯ ಸಣ್ಣ ಮನೆಯ ಗೋಡೆಯ ಮೇಲೂ ಹಿಡಿಸುತ್ತದೆ. ಅದೂ ದೊಡ್ಡದೆನಿಸಿದರೆ 1:144 ಹಿಡಿಯಿರಿ, ಉದ್ದ 63.4 ಸೆಂ.ಮೀ. ಆಗುತ್ತದೆ.

ಎಲ್ಲಿ ಸೀಳಬೇಕು?

ಎರಡು ದಾರಿಗಳಿವೆ. ಒಂದು, ಮೇಲರ್ಧ ಮತ್ತು ಕೆಳಗರ್ಧ. ನೀರಿನಲ್ಲಿ ಓಡುವ ಮಾದರಿಗೆ ಒಳಗೆ ಮೋಟಾರು, ಬ್ಯಾಟರಿ ಇಡಲು ಇದು ಅನುಕೂಲ. ಆದರೆ ಮೂತಿಯ ಹತ್ತಿರ ಪಕ್ಕಗಳು ಮೇಲಕ್ಕೆ ಹೋದಂತೆ ಹೊರಚಾಚಿದರೆ ಅಲ್ಲಿ ಅಂಡರ್‌ಕಟ್ ಬಂದಿತೆಂದೇ ತಿಳಿಯಿರಿ. ಇನ್ನೊಂದು, ಬಾದಾಮಿಯನ್ನು ಬಿಡಿಸಿದಂತೆ ನಡುವೆ ಉದ್ದಕ್ಕೆ ಸೀಳಿ ಎಡಹೋಳು, ಬಲಹೋಳು ಮಾಡುವುದು. ಹೋಳುಗಳನ್ನು ಅಚ್ಚಿನಿಂದ ಪಕ್ಕಕ್ಕೆ ಎಳೆಯುವುದರಿಂದ ನೌಕೆಯ ಮೈಯ ತಿರುವುಗಳು ಯಾವುವೂ ಹಿಡಿದುಕೊಳ್ಳುವುದಿಲ್ಲ. ಪ್ರದರ್ಶನದ ಮಾದರಿಗೆ ಇದೇ ಸುರಕ್ಷಿತ. ಸೀಳಿದ ಗೆರೆ ಡೆಕ್ಕಿನ ನಡುವೆ ಬರುತ್ತದಲ್ಲ ಎಂದು ಚಿಂತಿಸಬೇಡಿ. ಹೋಳುಗಳನ್ನು ಕೂಡಿಸಿದ ಮೇಲೆ ತೆಳ್ಳನೆಯ ಡೆಕ್ಕಿನ ಪಟ್ಟಿಯೊಂದನ್ನು ಮೇಲೆ ಅಂಟಿಸಿದರೆ ಗೆರೆ ಮುಚ್ಚಿಹೋಗುತ್ತದೆ.

ಮರಕ್ಕೆ ಆಕಾರ

ಶಿವನಿಯಂಥ ಹಗುರವಾದ, ಚೆನ್ನಾಗಿ ಒಣಗಿದ ಮರದ ಎರಡು ಹಲಗೆ ತನ್ನಿ. ಇಲ್ಲಿಯವರು ಅದನ್ನು ಶಿವಣ್ ಎನ್ನುತ್ತಾರೆ. ಒಂದೊಂದೂ 4 ಸೆಂ.ಮೀ. ದಪ್ಪವಿರಲಿ. ಎರಡನ್ನೂ ಜೋಡಿಸಿ, ಎರಡು ಕಡೆ ತೂತು ಕೊರೆದು ಮರದ ಗೂಟ ಹಾಕಿ. ನಡುವೆ ಒಂದು ಹಾಳೆ ವೃತ್ತಪತ್ರಿಕೆ ಇಟ್ಟು ಅಂಟಿಸಿ. ಮುಂದೆ ಉಳಿಯಿಂದ ಮೆಲ್ಲಗೆ ಮೀಟಿದರೆ ಕಾಗದದ ಸಾಲಿನಲ್ಲೇ ಹಲಗೆಗಳು ಬಿಡುತ್ತವೆ. ಗೂಟಗಳಿರುವುದರಿಂದ ಮತ್ತೆ ಅದೇ ಜಾಗದಲ್ಲಿ ಕೂರುತ್ತವೆ.

ಮೊದಲು ಪಕ್ಕದ ನೋಟದ ಆಕಾರ, ನಂತರ ಮೇಲಿನ ನೋಟದ ಆಕಾರ ಗರಗಸದಲ್ಲಿ ಕತ್ತರಿಸಿ. ಪ್ರತಿ 5 ಸೆಂ.ಮೀ.ಗೆ ಒಂದರಂತೆ ಸುಮಾರು 18 ಕಡೆ ಅಡ್ಡಗೆರೆ ಎಳೆಯಿರಿ. ಒಂದೊಂದು ಗೆರೆಗೂ ದಪ್ಪ ರಟ್ಟಿನಲ್ಲಿ ಅರ್ಧ ಮೈಯ ಟೆಂಪ್ಲೇಟ್ ಕತ್ತರಿಸಿಕೊಳ್ಳಿ. ಅದೇ ಟೆಂಪ್ಲೇಟನ್ನು ಎಡಕ್ಕೂ, ಮಗುಚಿ ಬಲಕ್ಕೂ ಹಿಡಿದು ನೋಡುತ್ತಾ ತುಂಬಿದಲ್ಲಿ ಕೆತ್ತಿ, ತಗ್ಗಿದಲ್ಲಿ ಕಾರಿಗೆ ಹಚ್ಚುವ ಬಾಡಿ ಪುಟ್ಟಿ ತುಂಬಿ. ನೀವು ಮಾಡಿದ ಮಾದರಿ ಅಸಲಿಗಿಂತ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಯಾರಿಗೂ ತಿಳಿಯದು. ಎಡ-ಬಲ ಒಂದೇ ಆಗಿರದಿದ್ದರೆ ಎಲ್ಲರಿಗೂ ತಿಳಿಯುತ್ತದೆ.

ಯಾವುದನ್ನು ಬಿಡಬೇಕು

ಇಲ್ಲಿಯೇ ಹವ್ಯಾಸಿಯ ಕೈ ತಡೆಯಬೇಕಾದದ್ದು. ಮೈಯಿಂದ ಹೊರಕ್ಕೆ ಚಾಚಿದ್ದೆಲ್ಲ ಮೂಲ ಮಾದರಿಯಲ್ಲಿ ಬೇಡ: ಪೆರಿಸ್ಕೋಪು, ಪ್ರೊಪೆಲ್ಲರು, ಹಿಂದಿನ ರೆಕ್ಕೆಗಳು, ಕಂಬಿಗಳು. ಅವು ಎಲ್ಲಿ ಬರುತ್ತವೆಯೋ ಅಲ್ಲಿ ಪೆನ್ಸಿಲ್ ಮೊನೆಯಷ್ಟು ಗುರುತು ಸಾಕು. ಪೆರಿಸ್ಕೋಪಿನಂಥ ದುಂಡು ಭಾಗಗಳನ್ನು ಚನ್ನಪಟ್ಟಣದ ಬೊಂಬೆಯಂತೆ ಲೇತಿನಲ್ಲಿ ತಿರುಗಿಸಿ ಬೇರೆ ಮಾಡಿಕೊಳ್ಳಬಹುದು. ನೌಕೆಯ ನಡುವೆ ನಿಲ್ಲುವ ಗೋಪುರಕ್ಕೂ ಪ್ರತ್ಯೇಕ ಮಾದರಿ, ಪ್ರತ್ಯೇಕ ಅಚ್ಚು.

ಮೇಲ್ಮೈಯ ಪಕ್ಕದಲ್ಲಿ ನೀರು ಒಳಹೋಗುವ ತೂತುಗಳ ಸಾಲು ಇರುತ್ತದೆ. ಅದನ್ನು ಮಾದರಿಯಲ್ಲಿ ಆರಪಾರ ಕೊರೆಯಬೇಡಿ. ಕೂದಲೆಳೆಯ ಆಳಕ್ಕೆ ಗುರುತಿಸಿ. ಫೈಬರ್ ಪ್ರತಿ ಹೊರಬಂದ ಮೇಲೆ ಕೊರೆಯಿರಿ. ತಗಡುಗಳ ಗೆರೆ ಬೇಕೆಂದರೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ, ತೀರ ಮೇಲೆಮೇಲೆ ಕೊರೆಯಿರಿ. ಮಾದರಿಯ ಮೇಲಿನ ಗೆರೆ ಅಚ್ಚಿನಲ್ಲಿ ಏಣಾಗುತ್ತದೆ. ಆಳವಾದ ಗೆರೆಯ ಏಣು ಎರಡನೆಯ ಪ್ರತಿಗೇ ಮುರಿಯುತ್ತದೆ.

ಡೆಕ್ಕು ಮತ್ತು ತಳ ಸಪಾಟಾಗಿರುವ ಕಡೆ ಒಂದೆರಡು ಡಿಗ್ರಿಯಷ್ಟು ಇಳಿಜಾರು ಕೊಡಿ. ಪರೀಕ್ಷೆ ಸುಲಭ. ಹೋಳನ್ನು ಸೀಳಿದ ಮುಖ ಕೆಳಗಾಗಿ ಸಮತಟ್ಟಾದ ಹಲಗೆಯ ಮೇಲಿಡಿ. ಮೂಲೆಮಟ್ಟವನ್ನು (ಇಲ್ಲಿಯ ಬಡಗಿಗಳ ಗುಣಿಯಾ) ನೆಟ್ಟಗೆ ನಿಲ್ಲಿಸಿ ಹೋಳಿನ ಸುತ್ತ ಸರಿಸುತ್ತಾ ಹೋಗಿ. ಅದು ಬುಡದಲ್ಲಿ ಮಾತ್ರ ತಾಗಬೇಕು. ಮೇಲೆಲ್ಲಾದರೂ ತಾಗಿ ಬುಡದಲ್ಲಿ ಸಂದು ಕಂಡರೆ ಅಲ್ಲಿ ಅಂಡರ್‌ಕಟ್ ಇದೆ. ಈಗಲೇ ಪುಟ್ಟಿ ತುಂಬಿ.

ಮೈ ನಯವಾಗಬೇಕು

ಅಚ್ಚು ನಿಷ್ಪಕ್ಷಪಾತಿ. ನಿಮ್ಮ ಕೌಶಲವನ್ನೂ ಎತ್ತಿಕೊಳ್ಳುತ್ತದೆ, ಬೆರಳಚ್ಚನ್ನೂ ಎತ್ತಿಕೊಳ್ಳುತ್ತದೆ. ಒಂದು ಗೀರು ಬಿಟ್ಟರೆ ಹತ್ತು ಪ್ರತಿಯಲ್ಲೂ ಉಜ್ಜಬೇಕು. ಪ್ರೈಮರ್ ಹೊಡೆದ ಮೇಲೆ ಹೋಳುಗಳನ್ನು ಬಿಡಿಸಿ, ಕಾಗದ-ಅಂಟು ಕೆರೆದು, ಒಂದೊಂದನ್ನೂ ಸನ್‌ಮೈಕಾ ಹಚ್ಚಿದ ಹಲಗೆಗೆ ಅಡಿಯಿಂದ ಸ್ಕ್ರೂ ಹಾಕಿ ಬಿಗಿಯಿರಿ. ಹಲಗೆ ಸುತ್ತಲೂ 5 ಸೆಂ.ಮೀ. ಹೆಚ್ಚಿರಲಿ, ಅಚ್ಚಿನ ಅಂಚು ಅಲ್ಲಿ ಕೂರುತ್ತದೆ. ನಂತರ 220, 400, 800, 1200 ನಂಬರಿನ ವಾಟರ್ ಪೇಪರಿನಿಂದ ಕ್ರಮವಾಗಿ ಉಜ್ಜಿ. ಬರಿಬೆರಳಿನಿಂದಲ್ಲ, ಮರದ ತುಂಡಿಗೆ ಸುತ್ತಿ. ರಾತ್ರಿ ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ ಹಿಡಿದರೆ ಹಗಲಲ್ಲಿ ಕಾಣದ ತಗ್ಗುಗಳೆಲ್ಲ ಕಾಣುತ್ತವೆ.

ಕೊನೆಯ ಬಣ್ಣ ಯಾವುದೆಂಬುದು ಮುಖ್ಯ. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಎಂಬ ದ್ರಾವಕವಿದೆ. ಅದು ಥರ್ಮೊಕೋಲನ್ನು ಕರಗಿಸುತ್ತದೆ. ಸಾಧಾರಣ ಎನಾಮಲ್ ಮತ್ತು ಎನ್‌ಸಿ ಬಣ್ಣಗಳನ್ನು ಸುಕ್ಕುಗಟ್ಟಿಸುತ್ತದೆ. ಕಾರಿಗೆ ಹೊಡೆಯುವ, ಹಾರ್ಡನರ್ ಬೆರೆಸುವ ಪಿಯು ಬಣ್ಣ ಹೊಡೆಸಿ, ಕನಿಷ್ಠ ಒಂದು ವಾರ ಒಣಗಲು ಬಿಡಿ.

ಮೇಣ, ಮತ್ತೆ ಮೇಣ

ಅಚ್ಚಿನ ಕೆಲಸಕ್ಕೆಂದೇ ಬರುವ ಕಾರ್ನೂಬಾ ಮೇಣವನ್ನು ಐದಾರು ಸಲ ಹಚ್ಚಿ. ಪ್ರತಿ ಸಲವೂ ಆರಲು ಬಿಟ್ಟು ಮೆದು ಬಟ್ಟೆಯಿಂದ ಉಜ್ಜಿ. ಸಿಲಿಕೋನ್ ಇರುವ ಕಾರ್ ಪಾಲಿಷ್ ಬೇಡವೇ ಬೇಡ. ಮೇಣದ ಮೇಲೆ ಪಿವಿಎ ದ್ರಾವಣದ ತೆಳು ಪೊರೆ. ಇದು ಮನೆಯ ಬಿಳಿ ಅಂಟಲ್ಲ: ಅಂಟಿನಲ್ಲಿರುವುದು ಪಾಲಿವಿನೈಲ್ ಅಸಿಟೇಟ್, ಇದು ಪಾಲಿವಿನೈಲ್ ಆಲ್ಕೋಹಾಲ್. ಇದು ನೀರಿನಲ್ಲಿ ಕರಗುವುದರಿಂದ ನಮ್ಮ ಮಳೆಗಾಲದ ತೇವದಲ್ಲಿ ಸರಿಯಾಗಿ ಒಣಗುವುದಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಕೆಲಸ ಮಾಡಿ, ಅಚ್ಚಿನ ಕೆಲಸವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳುವುದು ಜಾಣತನ.

ಇನ್ನೊಂದು ಮಾತು. ಅದೇ ಪುಟ್ಟಿ, ಅದೇ ಬಣ್ಣ, ಅದೇ ಮೇಣ ಹಚ್ಚಿದ ಒಂದು ತುಂಡು ಮರದ ಮೇಲೆ ಮೊದಲು ರೆಸಿನ್ ಹಾಕಿ ನೋಡಿ. ಅದು ಸಲೀಸಾಗಿ ಬಿಟ್ಟು ಬಂದರೆ ಮಾತ್ರ ಮೂರು ತಿಂಗಳ ದುಡಿಮೆಯನ್ನು ಒಪ್ಪಿಸಿ.

ರೆಸಿನ್ ಮನೆಯೊಳಗೆ ಬೇಡ

ಮಾದರಿ ಮನೆಯಲ್ಲಿ ತಯಾರಾಗಲಿ. ಅಚ್ಚು ಸುರಿಯುವುದು ಮಾತ್ರ ಮನೆಯಲ್ಲಿ ಬೇಡ. ಸ್ಟೈರೀನ್ ಆವಿ ತಲೆ ಸುತ್ತಿಸುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ. ಅಡುಗೆ ಗ್ಯಾಸು, ಮಗುವಿನ ತೊಟ್ಟಿಲು ಇರುವ ಒಂದು ಬೆಡ್‌ರೂಮಿನ ಮನೆ ಅದರ ಜಾಗವಲ್ಲ. ಅದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಅಂಗಡಿಯಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್ ಎಕ್ಸಲರೇಟರ್, ಮತ್ತು ನೀರಿನಂತೆ ಕಾಣುವ ಕ್ಯಾಟಲಿಸ್ಟ್. ಇವೆರಡನ್ನೂ ನೇರವಾಗಿ ಎಂದೂ ಬೆರೆಸಬಾರದು, ಸ್ಫೋಟವಾಗುತ್ತದೆ. ಎಕ್ಸಲರೇಟರನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್ ಹಾಕಬೇಕು. ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ. ಕನ್ನಡಕ ಹಾಕಿರಿ. ಬಿದ್ದೇ ಬಿಟ್ಟರೆ ತಕ್ಷಣ 15 ನಿಮಿಷ ಬಿಡದೆ ನೀರಿನಿಂದ ತೊಳೆದು ಆಸ್ಪತ್ರೆಗೆ ಓಡಿ.

ಠಾಣೆ-ಬೇಲಾಪುರ ರಸ್ತೆಯ ಔದ್ಯೋಗಿಕ ಪಟ್ಟಿಯಲ್ಲಿ ಫೈಬರ್ ಕೆಲಸದ ಶೆಡ್ಡುಗಳಿವೆ. ಮೇಣ ಹಚ್ಚಿ ಸಿದ್ಧವಾದ ಹೋಳುಗಳನ್ನು ಅಂಥ ಕಡೆ ಒಯ್ಯಿರಿ. ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಅಚ್ಚಿಗೆಂದೇ ಇರುವ ಗಟ್ಟಿ ಜೆಲ್‌ಕೋಟ್ ಹಾಕುತ್ತೀರಾ? ಗ್ಲಾಸ್ ಮ್ಯಾಟನ್ನು ಒಂದೇ ದಿನ ದಪ್ಪಗೆ ಹಾಕುತ್ತೀರೋ, ಪದರ ಪದರವಾಗಿ ಬಿಟ್ಟು ಬಿಟ್ಟು ಹಾಕುತ್ತೀರೋ? ಎಷ್ಟು ದಿನದ ಮೇಲೆ ಬಿಡಿಸುತ್ತೀರಿ? ಗಟ್ಟಿಯಾಗುವಾಗ ರೆಸಿನ್ ಬಿಸಿಯೇರಿ ಕುಗ್ಗುತ್ತದೆ. ಅವಸರ ಮಾಡಿದರೆ ಇಂಥ ಉದ್ದನೆಯ ಅಚ್ಚು ಬಿಲ್ಲಿನಂತೆ ಬಾಗುತ್ತದೆ.

ಉತ್ತರ ಸಮಾಧಾನವೆನಿಸಿದರೆ ಹೋಳುಗಳನ್ನು ಕೊಟ್ಟು ಬನ್ನಿ. ಮಕ್ಕಳನ್ನು ಅಚ್ಚು ಬಿಡಿಸುವ ದಿನ ಕರೆದೊಯ್ಯಿರಿ. ಅದುವರೆಗೆ ಅವರ ಪಾಲಿಗೆ ಟೆಂಪ್ಲೇಟ್ ಕತ್ತರಿಸುವ, ಉಜ್ಜುವ ಕೆಲಸ ಬೇಕಾದಷ್ಟಿದೆ. ಶುಭವಾಗಲಿ.