ಹೊಗೆ ಹೊರಗೆ ಹೋಗದಿರುವುದೇಕೆ?

ಬೆಂಗಳೂರಿನ ದಕ್ಷಿಣಕ್ಕೆ, ಆನೇಕಲ್ ತಾಲ್ಲೂಕಿಗೆ ಸೇರಿದ ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಮಧ್ಯಾಹ್ನಕ್ಕೆ ಮುಂಚೆ ಒಮ್ಮೆ ಸುತ್ತಾಡಿದರೆ, ಗ್ರಾನೈಟ್ ಕಲ್ಲನ್ನು ಕೊಯ್ಯುವ ಗರಗಸಗಳ ಸದ್ದಿನ ನಡುವೆಯೂ ಸಾಸಿವೆ ಮೆಣಸಿನಕಾಯಿಗಳ ಒಗ್ಗರಣೆಯ ಘಾಟು ಮೂಗಿಗೆ ತಟ್ಟುವುದು. ಅಲ್ಲಿಯ ಕಾರ್ಖಾನೆಗಳಲ್ಲಿ ನೂರಾರು ಮಂದಿಗೆ ಹೊತ್ತಿಗೆ ಸರಿಯಾಗಿ ಊಟ ಸಿದ್ಧವಾಗಬೇಕು. ದೊಡ್ಡ ಕಾರ್ಖಾನೆಗಳು ಕೆಲಸಗಾರರಿಗಾಗಿ ಕ್ಯಾಂಟೀನನ್ನು ನಡೆಸಬೇಕೆಂಬ ವಿಚಾರ ನಮ್ಮ ಕಾನೂನಿನಲ್ಲಿ 1948ರ ಕಾರ್ಖಾನೆಗಳ ಕಾಯಿದೆಯಷ್ಟು ಹಳೆಯದು. ಇಂತಹ ಅಡಿಗೆಮನೆಗಳಲ್ಲಿ ಆಗಾಗ ಕೇಳಿಬರುವ ದೂರು ಒಂದೇ: “ಫ್ಯಾನು ತಿರುಗುತ್ತಿದೆ, ಆದರೆ ಹೊಗೆ ಹೋಗುತ್ತಿಲ್ಲ.” ಹೀಗೆ ದೂರು ಬಂದೊಡನೆ ಇನ್ನೂ ದೊಡ್ಡದೊಂದು ಫ್ಯಾನನ್ನು ತಂದು ಕೂರಿಸುವುದು ವಾಡಿಕೆ. ಹಣ ವ್ಯರ್ಥ; ಹೊಗೆಯೂ ಅಲ್ಲಿಯೇ. ಏಕೆಂದರೆ ತಪ್ಪು ಫ್ಯಾನಿನದಾಗಿರುವುದು ಅಪರೂಪ. ಅದು ಎಲ್ಲಿದೆಯೆಂಬುದನ್ನು ಬಗ್ಗಿಸಿದ ಒಂದು ಕೊಳವೆಯಿಂದಲೂ ಅರ್ಧ ಲೋಟ ನೀರಿನಿಂದಲೂ ಕಂಡುಹಿಡಿಯಬಹುದು.

ಇದು ಕೇವಲ ಕಣ್ಣುರಿಯ ಪ್ರಶ್ನೆಯಲ್ಲ. ಅಧಿಕ ಉಷ್ಣತೆಯಲ್ಲಿ ಕರಿಯುವಾಗ ಹೊರಡುವ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿದೆ. ಕ್ಯಾಂಟೀನಿನಲ್ಲಿ ಉಣ್ಣುವವನು ಅರ್ಧ ಗಂಟೆ ಇದ್ದು ಹೋಗುವನು. ಬಾಣಲೆಯ ಮುಂದೆ ನಿಂತವನಾದರೋ ಆ ಗಾಳಿಯನ್ನು ದಿನಕ್ಕೆ ಎಂಟು ಗಂಟೆ ಸೇವಿಸುವನು.

ಮೊದಲು ಫ್ಯಾನು ಮಾಡುವ ಕೆಲಸವೇನೆಂಬುದನ್ನು ವಿಚಾರಿಸೋಣ. ಕಾಂತವು ಕಬ್ಬಿಣವನ್ನು ಸೆಳೆಯುವಂತೆ ಅದು ಹೊಗೆಯನ್ನು ಸೆಳೆಯುವುದಿಲ್ಲ. ತನ್ನ ಬೆನ್ನ ಹಿಂದಿನ ಗಾಳಿಯನ್ನು ಹೊರಕ್ಕೆ ಎಸೆದು ಅಲ್ಲಿ ಒತ್ತಡವನ್ನು ಸ್ವಲ್ಪ ತಗ್ಗಿಸುವುದಷ್ಟೇ ಅದರ ಕೆಲಸ. ಹೊಗೆಯನ್ನು ಅತ್ತ ತಳ್ಳುವುದು ಅಡಿಗೆಮನೆಯೊಳಗಿನ ವಾಯುಮಂಡಲದ ಒತ್ತಡ. ಬಾಣಲೆಯ ಮೇಲಿನ ಗಾಳಿ ಕಾದು ಹಗುರವಾಗಿ ತಾನಾಗಿಯೇ ಏಳುವುದು. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು 127 ಡಿಗ್ರಿಗೆ ಕಾಯಿಸಿದರೆ ಅದರ ಸಾಂದ್ರತೆ ಮುಕ್ಕಾಲು ಪಾಲಿಗೆ ಇಳಿಯುವುದೆಂದು ನೀವು ಲೆಕ್ಕ ಹಾಕಬಲ್ಲಿರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ನಮ್ಮ ಹಳ್ಳಿಗಳಿಗೆಂದು ರೂಪಿಸಿದ ಅಸ್ತ್ರ ಒಲೆಯಲ್ಲಿ ಚಿಮಣಿಯು ಹೊಗೆಯನ್ನು ಎಳೆಯುವುದು ಈ ವ್ಯತ್ಯಾಸದ ಬಲದಿಂದಲೇ. ಆದರೆ ಈ ಬಲ ಬಹಳ ಅಲ್ಪ. 5 ಮೀಟರ್ ಎತ್ತರದ ಚಿಮಣಿಯಲ್ಲಿ 127 ಡಿಗ್ರಿಯ ಗಾಳಿ ತುಂಬಿದ್ದರೂ ದೊರೆಯುವ ಒತ್ತಡ ಸುಮಾರು 1.3 ಮಿಲಿಮೀಟರ್ ನೀರಿನ ಕಂಬಕ್ಕೆ ಸಮ. ಒಂದು ಮನೆಯ ಒಲೆಗೆ ಅದು ಸಾಕು. ಜಿಡ್ಡನ್ನು ಹಿಡಿಯುವ ಫಿಲ್ಟರುಗಳ ಮೂಲಕ, ಹಲವು ತಿರುವುಗಳುಳ್ಳ ಉದ್ದನೆಯ ತಗಡಿನ ಕೊಳವಿಯ ಮೂಲಕ ಗಾಳಿಯನ್ನು ನಡೆಸಬೇಕಾದರೆ ಇದರ ಹತ್ತಾರು ಪಟ್ಟು ಒತ್ತಡ ಬೇಕು. ಅದಕ್ಕಾಗಿಯೇ ಮೋಟಾರು, ಫ್ಯಾನು.

ಒಲೆಗಳ ಮೇಲೆ ಮಾಡಿನಂತೆ ತೂಗುವ ತಗಡಿನ ಹುಡ್ಡಿನಲ್ಲಿ ಫಿಲ್ಟರುಗಳನ್ನು ಓರೆಯಾಗಿ ನಿಲ್ಲಿಸಿರುವುದನ್ನು ನೋಡಿರಬಹುದು. ಒಳ್ಳೆಯ ಫಿಲ್ಟರು ಜರಡಿಯಲ್ಲ. ಅದರಲ್ಲಿ ಒಂದಕ್ಕೊಂದು ಎದುರಾಗಿ ಮಡಿಸಿದ ತಗಡಿನ ಪಟ್ಟಿಗಳಿವೆ. ಗಾಳಿಯು ಅವುಗಳ ನಡುವೆ ಥಟ್ಟನೆ ತಿರುಗಿ ನುಸುಳುವುದು. ಜಡತ್ವವುಳ್ಳ ಎಣ್ಣೆಯ ಹನಿಗಳು ಹಾಗೆ ತಿರುಗಲಾರದೆ ತಗಡಿಗೆ ಬಡಿದು ಅಂಟಿಕೊಂಡು, ಕೆಳಗಿನ ದೋಣಿಗೆ ಇಳಿಯುವುವು. ಬಸ್ಸು ತಿರುವಿನಲ್ಲಿ ಹೊರಳಿದಾಗ ನಿಂತ ಪ್ರಯಾಣಿಕರಿಗೆ ಆಗುವ ಗತಿಯೇ ಇದು. ಹೀಗಿದ್ದರೂ ಅತಿ ಸೂಕ್ಷ್ಮವಾದ ಹನಿಗಳು ತಪ್ಪಿಸಿಕೊಂಡು ಕೊಳವಿಯೊಳಗೆ ಹೋಗಿ ಅಲ್ಲಿ ತಣಿದು ಕೂರುವುವು. ಅದರ ಮಾತು ಮುಂದೆ ಬರುವುದು.

ಈಗ ನಮ್ಮ ಕೊಳವೆ. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯ ತುಂಡನ್ನು ಯು ಆಕಾರದಲ್ಲಿ ಬಗ್ಗಿಸಿ ಹಲಗೆಗೆ ಬಿಗಿದು, ಬಣ್ಣ ಬೆರೆಸಿದ ನೀರನ್ನು ತುಂಬಬೇಕು. ಒಂದು ತುದಿಯನ್ನು ಹುಡ್ಡಿನಲ್ಲಿ ಫಿಲ್ಟರುಗಳ ಹಿಂದಿನ ಕೋಣೆಗೆ ಒಂದು ಸಣ್ಣ ರಂಧ್ರದ ಮೂಲಕ ಸೇರಿಸಿ, ಇನ್ನೊಂದನ್ನು ಅಡಿಗೆಮನೆಯ ಗಾಳಿಗೆ ತೆರೆದಿಡಬೇಕು. ಫ್ಯಾನು ತಿರುಗಿದೊಡನೆ ಎರಡು ತೋಳುಗಳ ನೀರು ಸಮಮಟ್ಟವನ್ನು ಬಿಡುವುದು. ಎಲ್ಲವೂ ಸರಿಯಾಗಿರುವ ದಿನ, ಎಂದರೆ ಫಿಲ್ಟರುಗಳನ್ನು ತೊಳೆದು, ಬೆಲ್ಟನ್ನು ಬಿಗಿದು, ಬಾಗಿಲುಗಳನ್ನು ತೆರೆದಿರಿಸಿದ ದಿನ, ಈ ಅಂತರವನ್ನು ಕೆಂಪು ಶಾಯಿಯಿಂದ ಗುರುತಿಸಬೇಕು. ಇನ್ನು ಮುಂದೆ ಆ ಗೆರೆಯೇ ವೈದ್ಯ.

ಅಂತರವು ಗೆರೆಯನ್ನು ಮೀರಿ ಬೆಳೆಯುತ್ತಿದ್ದರೆ ಫಿಲ್ಟರುಗಳು ಕಟ್ಟಿವೆ; ತೊಳೆಯಬೇಕು. ಅಂತರವು ಕುಗ್ಗಿದ್ದರೆ ಫಿಲ್ಟರಿನ ಮೂಲಕ ಹೋಗುವ ಗಾಳಿಯೇ ಕಡಿಮೆಯಾಗಿದೆ. ಈ ಅಂತರವು ಗಾಳಿಯ ಹರಿವಿನ ವರ್ಗಕ್ಕೆ ಅನುಪಾತವಾಗಿರುವುದರಿಂದ, 12 ಮಿಲಿಮೀಟರ್ ಇದ್ದದ್ದು 3 ಮಿಲಿಮೀಟರಿಗೆ ಇಳಿದರೆ ಗಾಳಿ ಅರ್ಧಕ್ಕೆ ಇಳಿದಿದೆ ಎಂದರ್ಥ. ಆಗ ಹೊರಗಿನ ಬಾಗಿಲೊಂದನ್ನು ಪೂರ್ತಿಯಾಗಿ ತೆರೆದು ನೋಡಬೇಕು. ನೀರು ಮತ್ತೆ ಗೆರೆಗೆ ಏರಿದರೆ ದೋಷ ಕೋಣೆಯಲ್ಲಿದೆ. ಏರದಿದ್ದರೆ ಫ್ಯಾನಿನಲ್ಲಿಯೋ ಅದರ ಕೊಳವಿಯಲ್ಲಿಯೋ ಇದೆ.

ಕೋಣೆಯ ದೋಷವೆಂದರೇನು? ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಸೀಮೆಯಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 1.06 ಕಿಲೋಗ್ರಾಂ ತೂಗುವುದು. ಸೆಕೆಂಡಿಗೆ ಒಂದು ಘನಮೀಟರ್ ಗಾಳಿಯನ್ನು ಹೊರಹಾಕುವ ಸಾಮಾನ್ಯ ಫ್ಯಾನು ಗಂಟೆಗೆ 3800 ಕಿಲೋಗ್ರಾಂ ಗಾಳಿಯನ್ನು ಹೊರಕ್ಕೆ ಸಾಗಿಸುವುದೆಂದಾಯಿತು. ಒಂದು ಲಾರಿಯ ಹೊರೆ! ಅಷ್ಟೇ ತೂಕದ ಗಾಳಿ ಎಲ್ಲಿಂದಲಾದರೂ ಒಳಕ್ಕೆ ಬರಲೇಬೇಕು. ನೊಣ ಬರುವುದೆಂದು ಕಿಟಕಿಯನ್ನು, ಧೂಳು ಬರುವುದೆಂದು ಬಾಗಿಲನ್ನು ಮುಚ್ಚಿದ ಮೇಲೆ ಫ್ಯಾನಿಗೆ ಎಸೆಯಲು ಗಾಳಿಯೆಲ್ಲಿ? ಬಾಯಿ ಮುಚ್ಚಿದ ಸೀಸೆಯನ್ನು ಹೀರಿದಂತೆ. ಇದರ ಗುರುತು ಸುಲಭ: ಹೊರಕ್ಕೆ ತೆರೆಯುವ ಬಾಗಿಲು ಭಾರವಾಗುವುದು. ಒಂದು ಮಿಲಿಮೀಟರ್ ನೀರಿನ ಒತ್ತಡವೆಂದರೆ ಚದರಮೀಟರಿಗೆ ಒಂದು ಕಿಲೋಗ್ರಾಂ ಭಾರ. ಕೋಣೆಯ ಒತ್ತಡವು 5 ಮಿಲಿಮೀಟರ್ ಕಡಿಮೆಯಾದರೆ, 2 ಚದರಮೀಟರಿನ ಬಾಗಿಲನ್ನು ಹೊರಗಿನ ಗಾಳಿ 10 ಕಿಲೋಗ್ರಾಂ ಭಾರದಿಂದ ಒತ್ತಿ ಹಿಡಿಯುವುದು. ಇದಕ್ಕಿಂತ ಕೆಟ್ಟದ್ದೆಂದರೆ, ಗಾಳಿ ಸಾಲದ ಅನಿಲದ ಒಲೆಯು ಹಳದಿ ಜ್ವಾಲೆಯಿಂದ ಉರಿದು ಕಾರ್ಬನ್ ಮಾನಾಕ್ಸೈಡನ್ನು ಬಿಡತೊಡಗುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹುಡ್ಡಿಗೆ ದೂರದ ಗೋಡೆಯಲ್ಲಿ ಜಾಲರಿಯುಳ್ಳ ಅಗಲವಾದ ಕಿಂಡಿಯನ್ನು ತೆರೆಯಿಸುವುದು ಹೊಸ ಫ್ಯಾನಿಗಿಂತ ಎಷ್ಟೋ ಅಗ್ಗ.

ಫಿಲ್ಟರು ಕಟ್ಟಿದಾಗ ಮೋಟಾರಿಗೆ ಹೊರೆ ಹೆಚ್ಚುವುದೆಂದು ವಿದ್ಯಾರ್ಥಿಗಳು ಮಾತ್ರವಲ್ಲ, ಅನುಭವಿಗಳಾದ ಮೆಕ್ಯಾನಿಕರೂ ನಂಬುತ್ತಾರೆ. ವಿದ್ಯುತ್ಪ್ರವಾಹವನ್ನು ಅಳೆದರೆ ಅದು ಇಳಿದಿರುವುದು! ಕೇಂದ್ರಾಪಗಾಮಿ ಫ್ಯಾನು ಗಾಳಿಯನ್ನು ನಡುವಿನಿಂದ ಎಳೆದು ಅಂಚಿಗೆ ಬೀಸುವುದು. ಗಾಳಿಯೇ ಬಾರದಿದ್ದರೆ ವೇಗ ಕೊಡುವುದಾದರೂ ಯಾವುದಕ್ಕೆ? ಕಸ ಹೀರುವ ವ್ಯಾಕ್ಯೂಮ್ ಯಂತ್ರದ ಬಾಯನ್ನು ಅಂಗೈಯಿಂದ ಮುಚ್ಚಿದರೆ ಅದರ ಸ್ವರ ಏರುವುದನ್ನು ಕೇಳಿರುವಿರಲ್ಲವೆ? ಹೊರೆ ಇಳಿದು ವೇಗ ಹೆಚ್ಚಿದ್ದರ ಸದ್ದು ಅದು. ಗೋಡೆಯ ರಂಧ್ರದಲ್ಲಿ ಕೂರಿಸುವ ವಿಮಾನದ ರೆಕ್ಕೆಯಂತಹ ಸಾದಾ ಫ್ಯಾನಿನ ನಡತೆ ಬೇರೆ. ಅದನ್ನು ತಡೆದರೆ ಹೊರೆ ಏರುವುದುಂಟು.

ಫಿಲ್ಟರುಗಳನ್ನು ಬಿಸಿನೀರು ಮತ್ತು ವಾಷಿಂಗ್ ಸೋಡಾದಿಂದ ತೊಳೆಯುವುದು ರೂಢಿ. ಕ್ಷಾರವು ಕೊಬ್ಬನ್ನು ಸಾಬೂನಾಗಿಸಿ ಕರಗಿಸುವುದು. ಫಿಲ್ಟರು ಅಲ್ಯುಮಿನಿಯಮ್ಮಿನದಾದರೆ ಕಾಸ್ಟಿಕ್ ಸೋಡಾ ಹತ್ತಿರ ಸುಳಿಯಬಾರದು. ಅದು ಲೋಹವನ್ನೇ ತಿಂದು ಹೈಡ್ರೊಜನ್ನನ್ನು ಬಿಡುವುದು.

ಇನ್ನು ಫ್ಯಾನಿನ ಸರದಿ. ಮುಟ್ಟುವ ಮೊದಲು ಸ್ವಿಚ್ಚನ್ನು ಆರಿಸಿದರೆ ಸಾಲದು; ಫ್ಯೂಸನ್ನು ಕಳಚಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಕೆಳಗೆ ನಿಂತ ಅಡಿಗೆಯವನಿಗೆ ಮಾಡಿನ ಮೇಲೆ ನೀವಿರುವುದು ಕಾಣುವುದಿಲ್ಲ. ಮೊದಲ ಅನುಮಾನ ಬೆಲ್ಟಿನ ಮೇಲೆ. ರಾಟೆಗಳ ನಡುವೆ ಒಂದು ಮೀಟರ್ ದೂರವಿದ್ದರೆ, ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ಸುಮಾರು 16 ಮಿಲಿಮೀಟರ್ ಬಾಗುವುದು ಸರಿ. ಅದಕ್ಕಿಂತ ಬಹಳ ಬಾಗಿದರೆ ಜಾರುತ್ತಿದೆ; ಸ್ವಲ್ಪವೂ ಬಾಗದಿದ್ದರೆ ಬೇರಿಂಗುಗಳನ್ನು ಕೊಲ್ಲುತ್ತಿದೆ.

ಎರಡನೆಯದು ಮೋಸದ ದೋಷ. ಮೂರು ಫೇಸಿನ ಮೋಟಾರನ್ನು ರಿಪೇರಿಗೆ ಕಳಚಿ ಮರಳಿ ಜೋಡಿಸುವಾಗ ಯಾವುದೇ ಎರಡು ತಂತಿಗಳು ಅದಲುಬದಲಾದರೆ ಅದು ಹಿಂದುಮುಂದಾಗಿ ತಿರುಗುವುದು. ಸಾದಾ ಫ್ಯಾನಾದರೆ ಗಾಳಿ ಒಳಕ್ಕೆ ಬೀಸಿ ಗುಟ್ಟು ರಟ್ಟಾಗುತ್ತಿತ್ತು. ಕೇಂದ್ರಾಪಗಾಮಿ ಫ್ಯಾನು ಹಿಂದುಮುಂದಾಗಿ ತಿರುಗಿದರೂ ಗಾಳಿಯನ್ನು ಅದೇ ದಿಕ್ಕಿಗೆ, ಆದರೆ ಬಹಳ ಕಡಿಮೆಯಾಗಿ, ದೂಡುವುದು. ನಾನು ಕಂಡ ಒಂದು ಅಡಿಗೆಮನೆಯಲ್ಲಿ ಮೋಟಾರಿನ ಸುರುಳಿಯನ್ನು ಸುತ್ತಿಸಿದ ಮೇಲೆ ವಾರಗಟ್ಟಲೆ ಹೀಗೆಯೇ ನಡೆದಿತ್ತು. ಕವಚದ ಮೇಲಿನ ಬಾಣದ ಗುರುತು ಜಿಡ್ಡಿನ ಕೆಳಗೆ ಮುಚ್ಚಿಹೋಗಿತ್ತು.

ಎಲ್ಲವೂ ಸರಿಯಿದ್ದೂ ಒತ್ತಡ ಸಾಲದಿದ್ದರೆ ತಯಾರಕರ ಪಟ್ಟಿಯನ್ನು ನೋಡಬೇಕು. ಅದರಲ್ಲಿಯ ಅಂಕಿಗಳು ಸಾಮಾನ್ಯವಾಗಿ ಘನಮೀಟರಿಗೆ 1.2 ಕಿಲೋಗ್ರಾಂ ತೂಗುವ ಗಾಳಿಗೆ ಹೇಳಿದವು. ಅಲ್ಲಿ 40 ಮಿಲಿಮೀಟರ್ ಎಂದಿದ್ದರೆ ನಮ್ಮ ತೆಳುವಾದ ಗಾಳಿಯಲ್ಲಿ ಸುಮಾರು 35 ಮಾತ್ರ. ಇದನ್ನು ಸರಿತೂಗಿಸಲು ರಾಟೆಯನ್ನು ಬದಲಾಯಿಸಿ ವೇಗವನ್ನು ಏರಿಸುವವರುಂಟು. ಗಾಳಿಯ ಮೊತ್ತ ವೇಗದಂತೆ, ಒತ್ತಡ ವೇಗದ ವರ್ಗದಂತೆ, ಬೇಕಾಗುವ ಸಾಮರ್ಥ್ಯ ವೇಗದ ಘನದಂತೆ ಏರುವುದು. ವೇಗವನ್ನು ನೂರಕ್ಕೆ 20ರಷ್ಟು ಏರಿಸಿದರೆ ಮೋಟಾರು 1.73 ಪಟ್ಟು ದುಡಿಯಬೇಕು. ಅದು ಸುಡುವ ಹೊಣೆ ಏರಿಸಿದವನದು.

ಫ್ಯಾನು ಅದುರುತ್ತಿದ್ದರೆ ಅದರ ರೆಕ್ಕೆಗಳ ಮೇಲೆ ಜಿಡ್ಡು ಒಂದೇ ಕಡೆ ಕೂತಿರುವುದು. ನಡುವಿನಿಂದ 25 ಸೆಂಟಿಮೀಟರ್ ದೂರದಲ್ಲಿ ಅಂಟಿದ ಕೇವಲ 100 ಗ್ರಾಂ ಮುದ್ದೆ, ನಿಮಿಷಕ್ಕೆ 1000 ಸುತ್ತಿನ ವೇಗದಲ್ಲಿ, 28 ಕಿಲೋಗ್ರಾಂ ಭಾರದಷ್ಟು ಬಲದಿಂದ ಅಕ್ಷವನ್ನು ಸೆಕೆಂಡಿಗೆ ಹದಿನೇಳು ಬಾರಿ ಸುತ್ತ ಜಗ್ಗುವುದು. ಕೆರೆದು ತೆಗೆಯುವಾಗ ಎಲ್ಲ ರೆಕ್ಕೆಗಳನ್ನೂ ಸಮವಾಗಿ ಕೆರೆಯಬೇಕು. ಅರ್ಧ ಕೆರೆದು ಬಿಟ್ಟರೆ ಅದುರಾಟ ಮೊದಲಿಗಿಂತ ಹೆಚ್ಚುವುದು.

ಕೊಳವಿಯೊಳಗೆ ತಣಿದು ಕೂತ ಜಿಡ್ಡಿನ ಮಾತು ಉಳಿದಿದೆ. ಅದು ಉರುವಲು. ಸುಮಾರು 350 ಡಿಗ್ರಿಯನ್ನು ಮೀರಿ ಕಾದ ಎಣ್ಣೆ ಕಿಡಿಯ ಸಹಾಯವಿಲ್ಲದೆಯೇ ಹೊತ್ತಿಕೊಳ್ಳಬಲ್ಲದು. ಬಾಣಲೆಯ ಜ್ವಾಲೆ ಕೊಳವಿಯನ್ನು ಮುಟ್ಟಿದರೆ, ಕಟ್ಟಡದ ಉದ್ದಕ್ಕೂ ಬೆಂಕಿಗೆ ಹಾದಿ ಹಾಸಿದಂತೆಯೇ ಸರಿ. ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ 96ನೆಯ ನಿಯಮಾವಳಿಯು, ಸೌದೆ ಇದ್ದಲುಗಳಿಂದ ಬೇಯಿಸುವ ಅಡಿಗೆಮನೆಯ ಕೊಳವಿಯನ್ನು ತಿಂಗಳಿಗೊಮ್ಮೆ, ಹೆಚ್ಚಾಗಿ ಬೇಯಿಸುವ ಅಡಿಗೆಮನೆಯದನ್ನು ಮೂರು ತಿಂಗಳಿಗೊಮ್ಮೆ, ಮಿತವಾದುದನ್ನು ಆರು ತಿಂಗಳಿಗೊಮ್ಮೆ ತೆರೆದು ಪರೀಕ್ಷಿಸಬೇಕೆಂದು ಹೇಳುವುದು. ಮೂರು ಪಾಳಿಗಳಲ್ಲಿ ನಡೆಯುವ ಕ್ಯಾಂಟೀನಿಗೆ ಮೂರು ತಿಂಗಳು ಹೆಚ್ಚಿನ ಶ್ರಮವಲ್ಲ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಕೂಡದು. ನೀರು ಎಣ್ಣೆಯ ತಳಕ್ಕೆ ಇಳಿದು ಕ್ಷಣದಲ್ಲಿ ತನ್ನ ಗಾತ್ರದ ಸುಮಾರು 1700 ಪಟ್ಟು ಆವಿಯಾಗಿ ಉರಿಯುವ ಎಣ್ಣೆಯನ್ನು ಸೂರಿನವರೆಗೆ ಚಿಮ್ಮಿಸುವುದು. ಅನಿಲವನ್ನು ನಿಲ್ಲಿಸಿ ಮುಚ್ಚಳವನ್ನು ಮುಚ್ಚಬೇಕು.

ಅನಿಲದ ವಾಸನೆ ಬಂದೊಡನೆ ಎಕ್ಸಾಸ್ಟ್ ಫ್ಯಾನನ್ನು ಹಾಕಲು ಓಡುವವರೂ ಇದ್ದಾರೆ. ಸಿಲಿಂಡರಿನ ಅನಿಲವು ಗಾಳಿಗಿಂತ ಒಂದೂವರೆ ಎರಡು ಪಟ್ಟು ಭಾರ. ಅದು ನೆಲದ ಮೇಲೆ ಹರಡಿ ಮೂಲೆಗಳಲ್ಲಿ, ಚರಂಡಿಗಳಲ್ಲಿ ನಿಲ್ಲುವುದು. ತಲೆಯ ಮೇಲಿನ ಹುಡ್ಡಿಗೆ ಅದು ಸುಲಭವಾಗಿ ಎಟುಕದು. ಆದರೆ ಸ್ವಿಚ್ಚಿನ ಒಂದು ಕಿಡಿ ಅದಕ್ಕೆ ಎಟುಕುವುದು. ಆಗ ಯಾವ ಸ್ವಿಚ್ಚನ್ನೂ ಮುಟ್ಟದೆ, ಹಾಕಿದ್ದನ್ನು ಆರಿಸದೆ, ಆರಿದ್ದನ್ನು ಹಾಕದೆ, ಕವಾಟವನ್ನು ತಿರುಗಿಸಿ, ಬಾಗಿಲುಗಳನ್ನು ತೆರೆದು ಎಲ್ಲರೂ ಹೊರಗೆ ಬರಬೇಕು.