ಹೆಸರು ನೋಡಿ ನಗಬೇಕು, ಓದಬಾರದು

ಫ್ರಾಂಕ್‌ಫರ್ಟ್ ಪುಸ್ತಕ ಮೇಳಕ್ಕೆ ಹೊರಟೆ ಎಂದರೆ ಕೇಳಿದವರಿಗೆ ಹೊಟ್ಟೆಕಿಚ್ಚು, ಹೋದವರಿಗೆ ಕಾಲುನೋವು. ಅಲ್ಲಿ ಪುಸ್ತಕದ ಮಾರಾಟಕ್ಕಿಂತ ಅನುವಾದ, ಮರುಮುದ್ರಣದ ಹಕ್ಕುಗಳ ಮಾರಾಟವೇ ದೊಡ್ಡದು. ಅರ್ಧ ಗಂಟೆಗೊಬ್ಬರಂತೆ ಬರುತ್ತಾರೆ, ಕ್ಯಾಟಲಾಗ್ ತಿರುವುತ್ತಾರೆ, ಕೈಕುಲುಕಿ ಏಳುತ್ತಾರೆ. ಬರಬೇಕಾದವರು ಬಾರದಿದ್ದರೆ ಮಳಿಗೆಯಲ್ಲಿ ಕೂತವರಿಗೆ ನೊಣ ಹೊಡೆಯುವ ಕೆಲಸ. ಸುತ್ತ ಕಣ್ಣು ಹಾಯಿಸಿದಷ್ಟೂ ಪುಸ್ತಕಗಳೇ; ಆದರೆ ವರ್ಷವಿಡೀ ಅವುಗಳ ನಡುವೆಯೇ ಬದುಕುವವರಿಗೆ ಅಲ್ಲೂ ಒಂದನ್ನು ತೆಗೆದು ಓದುವ ಹುರುಪು ಎಲ್ಲಿಂದ ಬರಬೇಕು?

1978ರ ಮೇಳದಲ್ಲಿ ಹೀಗೆ ಬೇಸತ್ತವರಲ್ಲಿ ಬ್ರೂಸ್ ರಾಬರ್ಟ್‌ಸನ್ ಮತ್ತು ಟ್ರೆವರ್ ಬೌನ್‌ಫರ್ಡ್ ಇಬ್ಬರು. ಚಿತ್ರ, ನಕ್ಷೆಗಳಿಂದ ತುಂಬಿದ ಮಾಹಿತಿ ಪುಸ್ತಕಗಳನ್ನು ಸಿದ್ಧಪಡಿಸುತ್ತಿದ್ದ ಡಯಾಗ್ರಾಮ್ ಗ್ರೂಪ್ ಎಂಬ ಬ್ರಿಟಿಷ್ ಸಂಸ್ಥೆಯವರು. ಹೊತ್ತು ಹೋಗಲೆಂದು ಒಂದು ಆಟ ಹೂಡಿದರು: ಇಡೀ ಮೇಳದಲ್ಲಿ ಎಲ್ಲಕ್ಕಿಂತ ವಿಚಿತ್ರ ಹೆಸರಿನ ಪುಸ್ತಕ ಯಾವುದು, ಹುಡುಕಿ. ಗೆದ್ದದ್ದು ಟೋಕಿಯೊ ವಿಶ್ವವಿದ್ಯಾಲಯದ ಮುದ್ರಣಾಲಯದ ಪ್ರಕಟಣೆ: ‘ಬೆತ್ತಲೆ ಇಲಿಗಳ ಕುರಿತ ಎರಡನೆಯ ಅಂತರರಾಷ್ಟ್ರೀಯ ಕಾರ್ಯಾಗಾರದ ನಡಾವಳಿ’. ಬೆತ್ತಲೆ ಇಲಿಗಿಂತ ನನಗೆ ನಗು ಬರಿಸುವುದು ‘ಎರಡನೆಯ’ ಎಂಬುದೇ. ಅಂದರೆ ಮೊದಲನೆಯದೂ ಸಾಂಗವಾಗಿ ನೆರವೇರಿದೆ, ಚರ್ಚೆ ಮುಗಿದಿಲ್ಲ! ವಿಜ್ಞಾನಿಗಳಿಗೆ ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಹುಟ್ಟಿನಿಂದಲೇ ಕೂದಲಿಲ್ಲದ, ರೋಗನಿರೋಧಕ ಶಕ್ತಿ ಕುಂದಿದ ಈ ತಳಿಯ ಇಲಿಗಳು ಕ್ಯಾನ್ಸರ್ ಸಂಶೋಧನೆಗೆ ಬೇಕೇಬೇಕು.

ಮೇಳದ ಜತೆಗೇ ಮುಗಿಯಬಹುದಾಗಿದ್ದ ಈ ಆಟ ಉಳಿದದ್ದು ‘ದಿ ಬುಕ್‌ಸೆಲರ್’ ಪತ್ರಿಕೆಯಿಂದ. 1858ರಲ್ಲಿ ಶುರುವಾದ ಈ ಪತ್ರಿಕೆಯನ್ನು ಬ್ರಿಟನ್ನಿನ ಪ್ರಕಾಶಕರು, ಪುಸ್ತಕದಂಗಡಿಯವರು ಕಸುಬಿನ ಸುದ್ದಿಗಾಗಿ ಓದುತ್ತಾರೆ. ಅದರಲ್ಲಿ ಹೊರೇಸ್ ಬೆಂಟ್ ಎಂಬ ಕಾವ್ಯನಾಮದಲ್ಲಿ ಬರುತ್ತಿದ್ದ ಹರಟೆಯ ಅಂಕಣ ಈ ‘ಡಯಾಗ್ರಾಮ್ ಪ್ರಶಸ್ತಿ’ಯನ್ನು ಸಾಕಿಕೊಂಡಿತು. ಹೆಸರುಗಳನ್ನು ಕಳಿಸುವವರು ಸಂಪಾದಕರು, ಅಂಗಡಿಯವರು, ಗ್ರಂಥಪಾಲಕರು. ಬಹುಮಾನ ಒಂದು ಬಾಟಲಿ ವೈನ್ ಅಥವಾ ಶಾಂಪೇನ್. ಅದೂ ಬರೆದವರಿಗಲ್ಲ, ಹೆಸರು ಹುಡುಕಿಕೊಟ್ಟವರಿಗೆ. ತಿಣುಕಿ ಬರೆದವನಿಗೆ ಬರೀ ಹೆಸರು, ಬೆರಳು ತೋರಿಸಿದವನಿಗೆ ಬಾಟಲಿ. ಪ್ರಕಾಶನ ಲೋಕದ ನ್ಯಾಯ ಬಲ್ಲವರಿಗೆ ಇದೇನೂ ಹೊಸದೆನಿಸಲಿಕ್ಕಿಲ್ಲ.

ಇನ್ನೊಂದು ಕಟ್ಟಲೆಯಂತೂ ಸೊಗಸಾಗಿದೆ. ಹೆಸರು ಸೂಚಿಸುವವರು, ತೀರ್ಪು ಕೊಡುವವರು ಪುಸ್ತಕವನ್ನು ಓದದಿರುವುದೇ ಒಳ್ಳೆಯದು. ಒಳಗೇನಿದೆ ಎಂದು ತಿಳಿದರೆ ತೀರ್ಪು ಕೆಡುತ್ತದೆ! ತಮಾಷೆಯೇನೋ ಹೌದು, ಆದರೆ ಅಷ್ಟೇ ಅಲ್ಲ. ಪ್ರಕಾಶನದವರ ಕೈ ಮೇಲೆ ಹಾದುಹೋಗುವ ಪುಸ್ತಕಗಳಲ್ಲಿ ಬಹುಪಾಲನ್ನು ಅವರು ಬಲ್ಲದ್ದು ಹೆಸರು, ಬೆಲೆ, ಬೆನ್ನುಡಿಯ ನಾಲ್ಕು ಸಾಲಿನಿಂದ. ಬೇರೆ ಕಡೆ ಯಾರೂ ಒಪ್ಪಿಕೊಳ್ಳದ ಈ ಗುಟ್ಟನ್ನು ಇಲ್ಲಿ ನಿಯಮವಾಗಿಯೇ ಬರೆದಿಟ್ಟಿದ್ದಾರೆ.

ಗೆದ್ದವುಗಳಲ್ಲಿ ನನಗೆ ಅಚ್ಚುಮೆಚ್ಚಿನದು 1992ರ ‘ಭಾರೀ ಹಡಗುಗಳಿಂದ ತಪ್ಪಿಸಿಕೊಳ್ಳುವುದು ಹೇಗೆ’. ಬರೆದವರು ಕ್ಯಾಪ್ಟನ್ ಜಾನ್ ಟ್ರಿಮ್ಮರ್. ಹಡಗು ಅಟ್ಟಿಸಿಕೊಂಡು ಬಂದು ದಿಕ್ಕೆಟ್ಟು ಓಡುವ ಮನುಷ್ಯನೊಬ್ಬ ಕಣ್ಣಿಗೆ ಕಟ್ಟುತ್ತಾನಲ್ಲವೇ? ನಿಜಕ್ಕೂ ಅದು ಸಣ್ಣ ದೋಣಿಯವರಿಗೆ ಹೇಳಿದ ಪ್ರಾಣ ಉಳಿಸುವ ಬುದ್ಧಿಮಾತು. ದೊಡ್ಡ ಹಡಗು ಕಂಡಕೂಡಲೇ ನಿಲ್ಲುವಂಥದ್ದಲ್ಲ, ಎಂಜಿನ್ ನಿಂತರೂ ಮೈಲುಗಟ್ಟಲೆ ಸಾಗುತ್ತದೆ. 1996ರ ‘ಗ್ರೀಸಿನ ಗ್ರಾಮೀಣ ಅಂಚೆಯಣ್ಣಂದಿರು ಮತ್ತು ಅವರ ಮೊಹರಿನ ಸಂಖ್ಯೆಗಳು’ ಕೂಡ ಹೀಗೆಯೇ, ಹಳ್ಳಿಯ ಅಂಚೆಯವರು ಸ್ಟಾಂಪಿನ ಮೇಲೆ ಒತ್ತುತ್ತಿದ್ದ ಮೊಹರುಗಳನ್ನು ಕುರಿತು ಅಂಚೆಚೀಟಿ ಸಂಗ್ರಾಹಕರು ಶ್ರದ್ಧೆಯಿಂದ ಮಾಡಿದ ಕೆಲಸ. ಮೂವತ್ತು ವರ್ಷ ತುಂಬಿದಾಗ, 2008ರಲ್ಲಿ, ಅಲ್ಲಿಯವರೆಗೆ ಗೆದ್ದ ಎಲ್ಲವುಗಳಲ್ಲಿ ಶ್ರೇಷ್ಠ ಎನಿಸಿಕೊಂಡದ್ದು ಈ ಅಂಚೆಯಣ್ಣಂದಿರೇ.

ಎರಡರ ಗುಣವೂ ಒಂದೇ. ನಗಿಸಬೇಕೆಂದು ಅವುಗಳನ್ನು ಬರೆದವರಿಗೆ ಕನಸಿನಲ್ಲೂ ಹೊಳೆದಿರಲಾರದು. ನಗಿಸಲೆಂದೇ ಹೆಸರಿಡುವುದು ಬೇರೆ ವಿದ್ಯೆ. ನಮ್ಮ ಬೀchi ಇಲ್ಲಿ ಸ್ಪರ್ಧಿಸಿದ್ದರೆ ಅನರ್ಹರಾಗುತ್ತಿದ್ದರೋ ಏನೋ. 2000ದಿಂದ ಸಾರ್ವಜನಿಕರ ಮತಕ್ಕೆ ಬಿಟ್ಟ ಮೇಲೆ ಕಚಗುಳಿಯಿಟ್ಟು ನಗಿಸುವ ಹೆಸರುಗಳು ಹೆಚ್ಚಿದವು ಎಂಬುದು ನನ್ನ ಅನುಮಾನ. 2010ರ ವಿಜೇತ ಪುಸ್ತಕ ಹಲ್ಲಿನ ದವಾಖಾನೆಯನ್ನು ಚೆಂಗೀಸ್ ಖಾನನ ಹಾದಿಯಲ್ಲಿ ನಡೆಸುವುದನ್ನು ಹೇಳಿಕೊಡುತ್ತದೆ. ನಗು ಬಂತು, ನಿಜ. ಆದರೆ ಬರೆದವರು ನಮ್ಮ ಮುಖವನ್ನೇ ನೋಡುತ್ತ ನಗುವಿಗಾಗಿ ಕಾದಿದ್ದರು ಅನಿಸುವುದಿಲ್ಲವೇ? ಹಿಂದಿನವರಿಗೆ ಇಷ್ಟು ಆತುರವಿರಲಿಲ್ಲ. 1987 ಮತ್ತು 1991ರಲ್ಲಿ ತಕ್ಕ ವಿಚಿತ್ರ ಸಿಗಲಿಲ್ಲವೆಂದು ಪ್ರಶಸ್ತಿಯನ್ನೇ ಕೊಡಲಿಲ್ಲ.

2008ರ ಸಾಲಿನದು ಇನ್ನೂ ವಿಚಿತ್ರ. 60 ಮಿಲಿಗ್ರಾಂ ಮೊಸರುಗಿಣ್ಣಿನ ಡಬ್ಬಿಗಳಿಗೆ 2009ರಿಂದ 2014ರವರೆಗೆ ಜಗತ್ತಿನಲ್ಲಿ ಮಾರುಕಟ್ಟೆ ಹೇಗಿದ್ದೀತು ಎಂಬ ವರದಿ. ಫಿಲಿಪ್ ಪಾರ್ಕರ್ ಎಂಬವರು ಕಂಪ್ಯೂಟರ್ ಪ್ರೋಗ್ರಾಮಿನಿಂದ ಹುಟ್ಟಿಸಿದ ಲಕ್ಷಗಟ್ಟಲೆ ಪುಸ್ತಕಗಳಲ್ಲಿ ಅದೂ ಒಂದು. ಬರೆದವರೇ ಓದಿರಲಾರದ ಪುಸ್ತಕವನ್ನು ಓದದ ಜನ ಆರಿಸಿದರು.

ಮರುವರ್ಷದ ಸರದಿ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ ಅವರದು. ಪುಸ್ತಕದ ಹೆಸರು ‘ಹೈಪರ್ಬೋಲಿಕ್ ಸಮತಲಗಳೊಂದಿಗೆ ಕ್ರೋಶಾ ಸಾಹಸಗಳು’. ಕಾಗದದ ಮೇಲೆ ಸರಿಯಾಗಿ ತೋರಿಸಲಾಗದ ಆಕಾರವೊಂದನ್ನು ಅವರು ಉಲ್ಲನ್ ದಾರ, ಕೊಕ್ಕೆಸೂಜಿ ಹಿಡಿದು ಹೆಣೆದು ವಿದ್ಯಾರ್ಥಿಗಳ ಕೈಗಿಟ್ಟವರು. ಸಾಲಿನಿಂದ ಸಾಲಿಗೆ ಒಂದೇ ಲೆಕ್ಕದಲ್ಲಿ ಹೊಲಿಗೆ ಹೆಚ್ಚಿಸುತ್ತ ಹೋದರೆ ಅಂಚು ತಾನೇ ನಿರಿಗೆಗಟ್ಟಿ ಸುರುಳಿಯಾಗುತ್ತದೆ. ಪುಸ್ತಕದ ಕಸುಬಿನವರು ಹೆಸರು ನೋಡಿ ನಕ್ಕ ಇದೇ ಕೃತಿಗೆ 2012ರಲ್ಲಿ ಅಮೆರಿಕದ ಗಣಿತ ಸಂಘ ಆಯ್ಲರ್ ಪುಸ್ತಕ ಪ್ರಶಸ್ತಿ ಕೊಟ್ಟಿತು. ಆ ತೀರ್ಪುಗಾರರು ಪಾಪ, ಓದಲೇಬೇಕಾಯಿತು.