ಗಿಡಕ್ಕೆ ಬೇಕಾದದ್ದು ಅನ್ನವೋ, ಅಪ್ಪಣೆಯೋ?

ಕಳೆದ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಅಣ್ಣ ನನ್ನನ್ನು ಮೊದಲು ಕರೆದೊಯ್ದದ್ದು ಬಾವಿಯ ಪಕ್ಕದ ಐದು ಗುಂಟೆ ಬೆಂಡೆಯ ತೋಟಕ್ಕೆ. ಗಿಡಗಳು ನನ್ನ ಎದೆಯೆತ್ತರಕ್ಕೆ ಬೆಳೆದು ನಿಂತಿದ್ದವು. ಕಾಯಿಯನ್ನು ಮಾತ್ರ ಹುಡುಕಬೇಕಾಗಿತ್ತು. “ಶಾಲೆಯಲ್ಲಿ ವಿಜ್ಞಾನ ಕಲಿಸುವವನು ನೀನು. ಇದೇನೆಂದು ಹೇಳು” ಎಂದು ಅವನೊಂದು ಸೀಸೆಯನ್ನು ನನ್ನ ಕೈಗಿತ್ತ. ಅದು ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು. ಹಿಂದಿನ ವರ್ಷ ಎತ್ತುಗಳನ್ನು ಮಾರಿದ ಮೇಲೆ ತಿಪ್ಪೆ ಬರಿದಾಗಿತ್ತು. ಗೊಬ್ಬರವಿದ್ದ ಎಡೆಗೆ ಸೀಸೆ ಬಂದಿತ್ತು.

ಆ ಸೀಸೆಯ ಕಥೆ ಮೊದಲಾದದ್ದು ಬತ್ತದ ಗದ್ದೆಯಲ್ಲಿ. ಜಪಾನಿನ ರೈತರು ಬತ್ತದ ರೋಗವೊಂದನ್ನು ‘ಪೆದ್ದು ಸಸಿ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ರೋಗ ತಗಲಿದ ಸಸಿ ಉಳಿದವುಗಳನ್ನು ಮೀರಿ ನೀಳವಾಗಿ ಬೆಳೆಯುತ್ತದೆ, ಕಾಳು ಕಟ್ಟುವುದಿಲ್ಲ. ಶಿಲೀಂಧ್ರವೊಂದು ಸ್ರವಿಸುವ ವಸ್ತುವೇ ಇದಕ್ಕೆ ಕಾರಣವೆಂದು ಕುರೋಸಾವಾ ಎಂಬ ವಿಜ್ಞಾನಿ 1926ರಲ್ಲಿ ತೋರಿಸಿದರು. 1935ರಲ್ಲಿ ಯಬೂಟಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು.

“ಹಾಗಾದರೆ ಇಲ್ಲಿ ನಿಂತಿರುವವೂ ಪೆದ್ದು ಸಸಿಗಳೇ ಅನ್ನು” ಎಂದು ಅಣ್ಣ ನಕ್ಕ. ಆ ನಗೆಯಲ್ಲಿ ಸುಖವಿರಲಿಲ್ಲ. ಮಗಳ ಕಾಲೇಜಿನ ಶುಲ್ಕವನ್ನು ಅವನು ಈ ಬೆಳೆಯ ಮೇಲೆಯೇ ಎಣಿಸಿದ್ದ.

ತಪ್ಪು ಸೀಸೆಯದಲ್ಲ. ಹಾರ್ಮೋನೆಂಬುದು ಗಿಡಕ್ಕೆ ಅನ್ನವಲ್ಲ, ಅಪ್ಪಣೆ. ಆದುದರಿಂದಲೇ ಲೀಟರು ನೀರಿಗೆ ಹತ್ತಾರು ಮಿಲಿಗ್ರಾಮುಗಳಷ್ಟು ಸಾಕು. ‘ಬೆಳೆ’ ಎಂಬ ಅಪ್ಪಣೆಯೇನೋ ನಡೆಯಿತು. ಗೆಣ್ಣುಗಳ ನಡುವಣ ಕಾಂಡ ಹಿಗ್ಗಿತು. ಆದರೆ ಬೆಂಡೆ ಹೂ ಬಿಡುವುದು ಎಲೆಯ ಕಂಕುಳಲ್ಲಿ, ಗೆಣ್ಣಿಗೊಂದರಂತೆ. ಗೆಣ್ಣುಗಳು ಹೆಚ್ಚದೆ ಕಾಂಡವಷ್ಟೇ ಉದ್ದವಾದರೆ ಬುಟ್ಟಿ ತುಂಬೀತೆ? ಉಂಡು ನಿಂತ ಗಿಡಕ್ಕೆ ಹದವರಿತು ಸಿಂಪಡಿಸಿದಾಗ ಇಳುವರಿ ಹೆಚ್ಚಿದ್ದುಂಟು. ಹಸಿದವನಿಗೆ ಅಪ್ಪಣೆ ಕೊಟ್ಟು ಫಲವೇನು?

ಅನ್ನದ ಲೆಕ್ಕ ಬೇರೆ. ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರವೆಂದರೆ ಐದು ಗುಂಟೆಗೆ ಒಂದೂಕಾಲು ಟನ್. ಅದರಲ್ಲಿರುವ ಸಾರಜನಕ ಸುಮಾರು 6 ಕಿಲೋಗ್ರಾಂ. ಅದೂ ಒಂದೇ ಬೆಳೆಗೆ ಪೂರ್ತಿ ದಕ್ಕುವುದಿಲ್ಲ. ಆದರೆ ಗೊಬ್ಬರ ಮಣ್ಣನ್ನು ಸಡಿಲಿಸುತ್ತದೆ, ತೇವವನ್ನು ಹಿಡಿದಿಡುತ್ತದೆ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳನ್ನು ಸಾಕುತ್ತದೆ. ಆ ಜೀವಿಗಳಲ್ಲಿ ಅನೇಕವು ಬೇರನ್ನು ಬೆಳೆಸುವ ಆಕ್ಸಿನ್ ಎಂಬ ಹಾರ್ಮೋನನ್ನು ತಾವೇ ತಯಾರಿಸುತ್ತವೆ. ನಮ್ಮ ಹಳೆಯ ತಿಪ್ಪೆ ಅನ್ನದ ಜೊತೆಗೆ ಒಂದಿಷ್ಟು ಅಪ್ಪಣೆಯನ್ನೂ ಹೊತ್ತು ತರುತ್ತಿತ್ತೆಂದಾಯಿತು!

ಎಲ್ಲವನ್ನೂ ಕೇಳಿದ ಅತ್ತಿಗೆ, “ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಯಾವ ಗೊಬ್ಬರವೂ ಕಾಯದು” ಎಂದರು. ಅದೂ ಶಾಸ್ತ್ರವೇ. ಹೂವರಳಿದ ಐದಾರು ದಿನಗಳಲ್ಲಿ ಎಳೆಗಾಯಿಯನ್ನು ಕೊಯ್ಯದಿದ್ದರೆ ಬಲಿಯುವ ಬೀಜ ಗಿಡದ ಸಾರವನ್ನೆಲ್ಲ ತನ್ನತ್ತ ಸೆಳೆದುಕೊಳ್ಳುತ್ತದೆ. ಹೊಸ ಹೂಗಳು ಕಡಮೆಯಾಗುತ್ತವೆ.

ಆ ವರ್ಷದ ಶುಲ್ಕವನ್ನು ಸಾಲ ಮಾಡಿ ಕಟ್ಟಿದ್ದಾಯಿತು. ಈಗ ಕೊಟ್ಟಿಗೆಯಲ್ಲಿ ಹಸುವೊಂದು ಬಂದು ನಿಂತಿದೆ. ಉಳಿದ ಸೀಸೆಯನ್ನು ಅಣ್ಣ ಎಸೆದಿಲ್ಲ, ಅಟ್ಟದ ಮೇಲಿಟ್ಟಿದ್ದಾನೆ. “ಮೊದಲು ತಿಪ್ಪೆ ತುಂಬಲಿ, ಆಮೇಲೆ ನೋಡೋಣ” ಎನ್ನುತ್ತಾನೆ.